ಧ್ವನಿವರ್ಧಕದೊಳಗಿನ ಹಂಚಿನ ತುಂಡಿನ ಕುರಿತು

ಇಲಾಖಾ ಕಚೇರಿ, ಧಾರವಾಡ
ಸಂಖ್ಯೆ: ಧ್ವನಿ/ಹಂಚು/೧೭/೨೦೨೪-೨೫
ದಿನಾಂಕ: ೧೧-೦೨-೨೦೨೫

ವಿಷಯ: ಶಿರಗುಪ್ಪಿ ಸಮುದಾಯ ಭವನದ ಧ್ವನಿವರ್ಧಕಗಳ ಗುಣಮಟ್ಟ ಹಾಗೂ ಸದರಿ ಗುಣಮಟ್ಟವನ್ನು ಬಿಚ್ಚಿ ನೋಡಿದವರ ಬಗ್ಗೆ.

ಉಲ್ಲೇಖ: ಯಾರೂ ದೂರು ನೀಡದಿದ್ದರೂ ಎಲ್ಲರಿಗೂ ಗೊತ್ತಾಗಿರುವುದು.

೧. ಸದರಿ ಭವನಕ್ಕೆ ಇಲಾಖೆಯು ಎಂಟು ಧ್ವನಿವರ್ಧಕಗಳನ್ನು ತೂಕ ನೋಡಿ ಖರೀದಿಸಿತ್ತು. ಜೋಡಣೆಗಾಗಿ ಹುಬ್ಬಳ್ಳಿ ಕಮರಿಪೇಟೆಯ ಶ್ರೀಮತಿ ಹುಸ್ನಾ ಅವರನ್ನು ಕರೆಸಲಾಗಿತ್ತು. ಇವರು ಇಪ್ಪತ್ತೆರಡು ವರ್ಷಗಳಿಂದ ಇದೇ ಕಸುಬಿನಲ್ಲಿದ್ದು, ಇವರು ಕೂರಿಸಿದ ಮೈಕು ಕಿರುಚಿದ ದಾಖಲೆ ಕಚೇರಿಯಲ್ಲಿ ಲಭ್ಯವಿಲ್ಲ.

೨. ಸದರಿಯವರು ಅನುಮತಿಯಿಲ್ಲದೆ ಒಂದು ಪೆಟ್ಟಿಗೆಯ ತಿರುಪು ಬಿಚ್ಚಿ, ಒಳಗೆ ಅಂಗೈಯಗಲದ ರೇಡಿಯೊ ಸ್ಪೀಕರನ್ನೂ ತೂಕಕ್ಕೆಂದು ಅಂಟಿಸಿದ್ದ ಹಂಚಿನ ತುಂಡನ್ನೂ ಕಂಡು, ಕೆಲಸ ಒಲ್ಲೆನೆಂದು ಹೊರಟುಹೋದರು. ಆದಕಾರಣ ಕಚೇರಿಯ ವಾಹನ ಚಾಲಕರಿಂದ ಜೋಡಣೆ ಮಾಡಿಸಿ, ಭವನದ ಘನತೆಗಾಗಿ ಹುಸ್ನಾ ಅವರ ಅಂಗಡಿಯ ಹೆಸರಿನ ಫಲಕವನ್ನು ಬರೆಸಿ ಬಾಗಿಲಿಗೆ ಹಚ್ಚಲಾಯಿತು.

೩. ಉದ್ಘಾಟನೆಯಂದು ಅಧ್ಯಕ್ಷೀಯ ಭಾಷಣವು ಎರಡನೆಯ ಸಾಲಿನಾಚೆ ತಲುಪಲಿಲ್ಲ. ತರುವಾಯ ಪೆಟ್ಟಿಗೆಗಳಿಂದ ಎದ್ದ ಹೊಗೆಯು ಕೊನೆಯ ಸಾಲಿನವರೆಗೂ ಸಮಾನವಾಗಿ ತಲುಪಿತು. ಫಲಕ ಓದಿದ ಜನ ಹುಸ್ನಾ ಅವರನ್ನು ಬೈದರು. ಅವರನ್ನು ಗೊತ್ತು ಮಾಡಿಕೊಂಡಿದ್ದ ಮೂರು ಮದುವೆ ಮನೆಯವರು ಬೇರೆಯವರನ್ನು ಹಿಡಿದರು.

೪. ಸುದ್ದಿ ತಿಳಿದು ಮರುದಿನ ಏಣಿಯೊಂದಿಗೆ ಬಂದ ಹುಸ್ನಾ ಅವರು ಊರವರ ಮುಂದೆ ಎಂಟೂ ಪೆಟ್ಟಿಗೆ ಬಿಚ್ಚಿದರು; ಎಂಟು ತುಂಡುಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟರು; ಫಲಕ ಕಿತ್ತುಕೊಂಡು ಹೋದರು. ಗ್ರಾಮಸ್ಥೆ ಬಾಳವ್ವ ಅವರು "ನಮ್ಮ ಮನಿ ಮ್ಯಾಲಿನ ಹಂಚು ಇದಕಿಂತ ಛಲೋ ಅದಾವ್ರಿ" ಎಂದದ್ದನ್ನು ಗಂಭೀರವಾಗಿ ಪರಿಗಣಿಸಿ, ಅವರ ಮನೆಯ ಹಂಚುಗಳನ್ನು ತಪಾಸಣೆಗೆ ಒಳಪಡಿಸಲಾಗಿದೆ. ಅವರ ಹೇಳಿಕೆ ಸತ್ಯವೆಂದು ಕಂಡುಬಂದಿದೆ.

೫. ಇನ್ನು ಮುಂದೆ ಹಂಚಿನ ತುಂಡನ್ನು ಧ್ವನಿವರ್ಧಕದ ಅವಿಭಾಜ್ಯ ಅಂಗವೆಂದು ತಿಳಿಯತಕ್ಕದ್ದು. ತಿರುಪುಳ್ಳ ಯಾವ ವಸ್ತುವನ್ನೂ ಬಿಚ್ಚತಕ್ಕದ್ದಲ್ಲ. ಭಾಷಣ ಕೇಳಿಸದಿದ್ದಲ್ಲಿ, ಭಾಷಣಕಾರರ ತುಟಿ ನಿಂತ ಕೂಡಲೇ ಸಾರ್ವಜನಿಕರು ಚಪ್ಪಾಳೆ ತಟ್ಟತಕ್ಕದ್ದು. ಮೂರನೆಯ ಸಾಲಿನಿಂದ ಹಿಂದಿರುವವರಿಗೆ ಸಾರಾಂಶವನ್ನು ಅಂಚೆಯಲ್ಲಿ ಕಳುಹಿಸಲಾಗುವುದು.

೬. ಈ ನಡುವೆ, ಕೆಳಗೆ ಸಹಿ ಮಾಡಿದವರ ಮಗಳು ಚಿ.ಸೌ. ಆರತಿಯ ಮದುವೆ ಇದೇ ತಿಂಗಳು ೨೩ರಂದು ನಿಶ್ಚಯವಾಗಿದ್ದು, ಮೈಕು ಸರಿಯಾಗಿರಬೇಕೆಂದು ಬೀಗರು ಬಯಸಿದ್ದರಿಂದ, ಹುಸ್ನಾ ಅವರ ಅಂಗಡಿಗೆ ಖುದ್ದಾಗಿ ಹೋಗಲಾಯಿತು. ಇಲಾಖೆಯ ಸರಬರಾಜುದಾರರನ್ನು ಏಕೆ ಕರೆಯಲಿಲ್ಲವೆಂಬ ಪ್ರಶ್ನೆಯು ಈ ಸುತ್ತೋಲೆಯ ವ್ಯಾಪ್ತಿಗೆ ಬರುವುದಿಲ್ಲ. ಹುಸ್ನಾ ಅವರು ಕುರ್ಚಿ ಕೊಟ್ಟರು, ಚಹಾ ತರಿಸಿದರು. ಆಮೇಲೆ, "ಬರ್ತೇನ್ರಿ ಸಾಹೇಬ್ರ. ಆದ್ರ ಮೊದಲ, ಶಿರಗುಪ್ಪಿ ಕೆಲಸ ನಂದಲ್ಲಂತ ಶಿಕ್ಕಾ ಹೊಡದು ಬರದು ಕೊಡ್ರಿ. ಎಲ್ಲಾರಿಗೂ ಮುಟ್ಟಬೇಕು" ಎಂದರು.

೭. ಆದ್ದರಿಂದ, ಶಿರಗುಪ್ಪಿಯ ಜೋಡಣೆ ಹುಸ್ನಾ ಅವರದಲ್ಲ, ಇಲಾಖೆಯದೇ ಎಂಬುದನ್ನು ಈ ಮೂಲಕ ಸರ್ವರ ಗಮನಕ್ಕೆ ತರಲಾಗಿದೆ. 'ಈ ಕಂಡಿಕೆಯು ೨೩ರ ನಂತರ ಊರ್ಜಿತವಲ್ಲ' ಎಂಬ ವಾಕ್ಯವನ್ನು, ಕರಡು ಓದಿದ ಹುಸ್ನಾ ಅವರ ಸೂಚನೆಯ ಮೇರೆಗೆ ತೆಗೆದುಹಾಕಲಾಗಿದೆ.

ಸಹಿ/-
(ಅಮರೇಶ)
ಅಧೀಕ್ಷಕರು

ಪ್ರತಿಗಳು:
೧. ಮಾನ್ಯ ಅಧ್ಯಕ್ಷರ ಆಪ್ತ ಸಹಾಯಕರಿಗೆ: ಸೂಕ್ತ ಸಮಯ ನೋಡಿ ತಿಳಿಸಲು.
೨. ಮೂರು ಮದುವೆ ಮನೆಯವರಿಗೆ: ಮರುಚಿಂತನೆಗಾಗಿ.
೩. ಶ್ರೀಮತಿ ಹುಸ್ನಾ, ಕಮರಿಪೇಟೆ: ಅಂಗಡಿಯ ಗೋಡೆಗೆ ಹಾಕಿಕೊಳ್ಳಲು. ಚೌಕಟ್ಟು ಇಲಾಖೆಯ ವತಿಯಿಂದ.