ಮಾವನ ಭಾಷಣಕ್ಕೆ ಅಳಿಯನ ಸೌಂಡು

"ಆ ಡಬ್ಬಾ ಸೌಂಡಿನಾಗ ನಿಮ್ಮ ಮಾತು ಮಂದಿಗಿ ಹ್ಯಾಂಗ ಕೇಳಸ್ತದ್ರಿ ಮಾವಾರೆ? ಸೌಂಡು ನಾ ತರ್ತೀನಿ ಬಿಡ್ರಿ."

ಇಷ್ಟೇ ಮಾತು. ಘಾಟಬೋರಾಳದ ಕಲ್ಲಿನಾಥ ಇದನ್ನು ಬಸವಕಲ್ಯಾಣದ ಮಾವನ ಮನೆಯಲ್ಲಿ ಹೋಳಿಗೆ ತಿನ್ನುತ್ತ, ಹೊಟ್ಟೆ ತುಂಬಿದ ಧೈರ್ಯದಲ್ಲಿ ಆಡಿಬಿಟ್ಟಿದ್ದ. ಮಾವ ಅಮೋಘಸಿದ್ದಪ್ಪನವರು ನಿವೃತ್ತ ಹೆಡ್‌ಮಾಸ್ತರು. ಹಳೆಯ ವಿದ್ಯಾರ್ಥಿಗಳು ಸೇರಿ ಅವರಿಗೊಂದು ಸನ್ಮಾನ ಇಟ್ಟುಕೊಂಡಿದ್ದರು. ಮೈಕ್ ಸೆಟ್ಟಿನ ಬಂದೇನವಾಜ್‌ಗೆ ಹೇಳಿಯೂ ಆಗಿತ್ತು. ಅಳಿಯನ ಮಾತು ಕೇಳಿ ಮಾವ ಅದನ್ನು ರದ್ದು ಮಾಡಿಸಿದರು.

ಕಲ್ಲಿನಾಥನಿಗೆ ಹೊಲವಿತ್ತು, ಆಡುಗಳಿದ್ದವು, ಅವುಗಳ ಜೊತೆಗೆ ಸ್ಪೀಕರ್ ಕಟ್ಟುವ ಹುಚ್ಚೂ ಇತ್ತು. ಎರಡು ವರ್ಷ ಫೋನಿನಲ್ಲಿ ವಿಡಿಯೋ ನೋಡಿ ನೋಡಿ, ಬೆರಳು ಸುಟ್ಟುಕೊಂಡು, ಅಂಗೈಯಗಲದ ಕ್ರಾಸ್‌ಓವರ್ ಬೋರ್ಡೊಂದನ್ನು ತಾನೇ ತಯಾರಿಸಿದ್ದ. ಸಂಜೆ ಮನೆಗೆ ಬಂದ ಹಿಂಡನ್ನು ಹೋತ, ಆಡು, ಮರಿ ಎಂದು ಬೇರೆ ಬೇರೆ ದೊಡ್ಡಿಗೆ ಹೊಡೆಯುವಂತೆ, ಆ ಬೋರ್ಡು ಬಂದ ಸದ್ದನ್ನು ಮೂರು ಪಾಲು ಮಾಡುತ್ತಿತ್ತು. ದಪ್ಪ ದನಿ ದೊಡ್ಡ ಸ್ಪೀಕರಿಗೆ, ಕೀಚಲು ದನಿ ಸಣ್ಣದಕ್ಕೆ, ಮನುಷ್ಯರ ಮಾತೆಲ್ಲ ಇರುವ ನಡುವಿನ ದನಿ ನಡುವಿನದಕ್ಕೆ.

"ಊರ ಮಂದಿ ದನಿ ಆಮ್ಯಾಲ ಪಾಲು ಮಾಡ್ರಿ, ಮೊದಲ ನಮ್ಮ ಮಿಕ್ಸರ್ ರಿಪೇರಿ ಮಾಡ್ರಿ" ಎಂದು ಹೆಂಡತಿ ಧನಶ್ರೀ ಅನ್ನುತ್ತಿದ್ದಳು. ಅವಳು ಎರಡು ದಿನ ಮೊದಲೇ ತವರಿಗೆ ಹೋಗಿದ್ದಳು.

ಸನ್ಮಾನದ ದಿನ ಬೆಳಿಗ್ಗೆ ಕಲ್ಲಿನಾಥ ಹುಮನಾಬಾದ ಬಸ್‌ಸ್ಟ್ಯಾಂಡಿನಲ್ಲಿ ಪೆಟ್ಟಿಗೆಗಳನ್ನು ಬಸವಕಲ್ಯಾಣದ ಬಸ್ಸಿಗೆ ಏರಿಸಿದ. ಪಕ್ಕದ ಸೀಟಿನ ಬಿಸ್ಮಿಲ್ಲಾ ಬೀ ಎಂಬ ಮುದುಕಿ ಪೆಟ್ಟಿಗೆಯ ಮುಂದಿದ್ದ ಗಾಳಿಯ ತೂತನ್ನೇ ನೋಡುತ್ತಿದ್ದಳು.

"ತಮ್ಮಾ, ಮರಿ ಒಯ್ಯಾಕತ್ತಿ ಏನಪಾ? ತೂತ ಸಣ್ಣದಾಗ್ಯಾದ, ದಮ್ಮ ಕಟ್ಟಿ ಸಾಯ್ತಾವ ನೋಡು."

"ಮರಿ ಅಲ್ಲಮ್ಮಾ, ಸ್ಪೀಕರ್."

ಮುದುಕಿ ನಂಬಲಿಲ್ಲ. ಕಂಡಕ್ಟರನೂ ನಂಬಲಿಲ್ಲ. ಬಗ್ಗಿ ತೂತಿನಲ್ಲಿ ಕಣ್ಣಿಟ್ಟು, ಮೂಗಿಟ್ಟು, ಕೊನೆಗೆ "ಮ್ಯಾಂ" ಎಂದು ಕೂಗಿ ಉತ್ತರಕ್ಕೆ ಕಾದ. ಬಸ್ಸೆಲ್ಲ ನಕ್ಕಿತು. ನಗ್ರಿ ನಗ್ರಿ, ಮಧ್ಯಾಹ್ನ ಬಂದು ಕೇಳ್ರಿ ಎಂದು ಕಲ್ಲಿನಾಥ ಮನಸ್ಸಿನಲ್ಲೇ ಅಂದುಕೊಂಡ.

ಸಭಾಭವನದ ಬಾಗಿಲಲ್ಲಿ ಬಂದೇನವಾಜ್ ಗಾಡಿ ನಿಲ್ಲಿಸಿಕೊಂಡು ನಿಂತಿದ್ದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ.

"ಕಲ್ಲಿನಾಥ ಭಾಯ್, ಚಿಟಗುಪ್ಪಾಕ ಹೊಂಟೀನಿ. ಬೇಕಿದ್ರ ಒಂದು ಸೆಟ್ ಇಲ್ಲೇ ಇಟ್ಟು ಹೋಗ್ತೀನಿ. ನಿಂದು ಹೊಸಾ ಮಾಲು, ಭರೋಸಾ ಇರಂಗಿಲ್ಲ."

"ನಿನ್ನ ಸೆಟ್ ಇಟ್ರ ನನ್ನ ಸೆಟ್ಟಿಗಿ ಅಪಮಾನ ಆಗ್ತದ ಭಾಯ್."

ಬಂದೇನವಾಜ್ ನಕ್ಕು ಗಾಡಿ ಹತ್ತಿದ.

ಕಲ್ಲಿನಾಥ ತಂತಿ ಜೋಡಿಸಿ ಹಾಡು ಹಚ್ಚಿದ. ಭವನ ತುಂಬಿತು. ತಬಲಾ ಎದೆಗೆ ಬಡಿಯಿತು, ಬಳೆಯ ಸದ್ದು ಕಿವಿಯ ಪಕ್ಕದಲ್ಲೇ ಆದಂತಾಯಿತು. ಕುರ್ಚಿ ಹಾಕುತ್ತಿದ್ದವರು ಕೆಲಸ ಬಿಟ್ಟು ನಿಂತರು. ಅಷ್ಟಕ್ಕೇ ಬಿಟ್ಟಿದ್ದರೆ ಕತೆಯೇ ಇರುತ್ತಿರಲಿಲ್ಲ. ಆದರೆ ಮಾವನ ಹಿರಿಯ ಅಳಿಯ, ಶ್ರೀಮಂತ ಎಂಬ ಹೆಸರಿನವನು, ಅಲ್ಲಿಗೆ ಬಂದ. ಶ್ರೀಮಂತನಿಗೆ ಯಾವ ಕೆಲಸವೂ ಬರುತ್ತಿರಲಿಲ್ಲ, ಎಲ್ಲ ಕೆಲಸದ ಸಲಹೆಯೂ ಬರುತ್ತಿತ್ತು.

"ಹಾಡು ಬರಾಬರಿ ಅದ. ಆದ್ರ ಮಾವಾರ ದನಿ ತೆಳ್ಳಗ. ಮಾತಿಂದು ಸ್ವಲ್ಪ ಏರಿಸಬೇಕ ನೋಡು."

"ಅದೇನು ದೊಡ್ಡದಲ್ಲ ಅಣ್ಣಾರೆ" ಎಂದು ಕಲ್ಲಿನಾಥ ಕರೆಂಟು ತೆಗೆಯದೆಯೇ ಬೋರ್ಡಿಗೆ ಸ್ಕ್ರೂಡ್ರೈವರ್ ಇಟ್ಟ. ಷಡ್ಡಕ ನೋಡುತ್ತಿದ್ದಾನೆಂಬ ಹುರುಪಿಗೆ ಕೈ ಜಾರಿತು. ಚಟ್ ಎಂದಿತು. ಊದಿನಕಡ್ಡಿಯಷ್ಟು ಹೊಗೆ ಎದ್ದು ಸುಮ್ಮನಾಯಿತು.

"ಏನದು?"

"ಏನಿಲ್ಲ. ಧೂಳಿ ಸುಟ್ಟಿತು."

ಆಗಲೇ ಅತಿಥಿಗಳು ವೇದಿಕೆ ಏರಿದರು. ನಿರೂಪಕ ಮೈಕು ಹಿಡಿದು ಸ್ವಾಗತ ಕೋರಿದ. ಸ್ಪೀಕರಿನಿಂದ "ದುಬ್ಬ ದುಬ್ಬ, ಚ್‌ಸ್, ದುಬ್ಬ" ಎಂದು ಬಂತು. ಸುಟ್ಟಿದ್ದು ನಡುವಿನ ದನಿಯ ಪಾಲೇ. ಹಿಂದಿನ ಸಾಲಿಗೆ ಅದು ದೂರದಲ್ಲಿ ಯಾರೋ ಹಾಸಿಗೆ ಝಾಡಿಸುತ್ತ ಮಧ್ಯೆ ಮಧ್ಯೆ ಒಗ್ಗರಣೆ ಹಾಕಿದಂತೆ ಕೇಳುತ್ತಿತ್ತು.

ಕಲ್ಲಿನಾಥ ಹೊರಗೋಡಿ ಬಂದೇನವಾಜ್‌ಗೆ ಫೋನ್ ಹಚ್ಚಿದ.

"ಭಾಯ್, ಎಲ್ಲಿದ್ದೀ?"

"ಚಿಟಗುಪ್ಪಾದಾಗ. ಸೆಟ್ ಕಟ್ಟಾಕತ್ತೇನಿ." ಹಿಂದೆಯೇ ಅವನು ಕೇಳಿದ: "ಹೋತೇನು?"

ಕಲ್ಲಿನಾಥ ಫೋನ್ ಇಟ್ಟ. ಹೇಳಿದವನಿಗೆ ಗೊತ್ತಿತ್ತು, ಕೇಳದವನು ತಾನು.

ಒಳಗೆ ಮಾವ ಮಾತಿಗೆ ನಿಂತಿದ್ದರು. ವಾರವಿಡೀ ಬಾಯಿಪಾಠ ಮಾಡಿದ ಭಾಷಣ. ಕೈ ಎತ್ತುತ್ತಿದ್ದರು, ಇಳಿಸುತ್ತಿದ್ದರು, ತುಟಿ ಆಡುತ್ತಿತ್ತು. ಸ್ಪೀಕರ್ ಮಾತ್ರ ದುಬ್ಬ, ಚ್‌ಸ್ ಎನ್ನುತ್ತಿತ್ತು; ಆ ಸದ್ದಿನಲ್ಲಿ ಅವರ ತೆಳು ದನಿ ಮುಂದಿನ ಸಾಲಿಗೂ ಮುಟ್ಟುತ್ತಿರಲಿಲ್ಲ. ಮೊದಲು ಹಿಂದಿನ ಸಾಲಿನವರು ನಕ್ಕರು, ಆಮೇಲೆ ನಡುವಿನವರು. ಮುಂದಿನ ಸಾಲಿನ ಹಿರಿಯರು ನಗು ತಡೆಯಲು ಟವೆಲ್ಲನ್ನು ಬಾಯಿಗೆ ಒತ್ತಿಕೊಂಡರು. ಶ್ರೀಮಂತ ನಾಲ್ಕು ಮಂದಿಗೆ ಬೆರಳು ಮಾಡಿ ತೋರಿಸುತ್ತಿದ್ದ. "ಅಂವನ ನೋಡ್ರಿ, ನಮ್ಮ ಸಣ್ಣ ಅಳಿಯಾರು. ನಾ ಬ್ಯಾಡ ಅಂದಿದ್ದೆ." ಹೆಂಗಸರ ಕಡೆಯಿಂದ ಧನಶ್ರೀ ಒಮ್ಮೆ ನೋಡಿ, ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡಳು. ಕಲ್ಲಿನಾಥನಿಗೆ ಪೆಟ್ಟಿಗೆಯ ಆ ತೂತು ಇನ್ನಷ್ಟು ದೊಡ್ಡದಿದ್ದರೆ ಒಳಗೇ ಹೊಕ್ಕುಬಿಡಬಹುದಿತ್ತು ಅನ್ನಿಸಿತು.

ಭಾಷಣ ಮುಗಿಯಿತು. ಕಲ್ಲಿನಾಥ ಭವನದ ಹಿಂದೆ, ಪಾತ್ರೆ ತೊಳೆಯುವ ನಳದ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತ. ಶಾಲು ಹೊದ್ದ ಮಾವ ಅಲ್ಲಿಗೇ ಬಂದರು. ಅವನು ಎದ್ದು ಅವರ ಕಾಲು ಹಿಡಿದ.

"ತಪ್ಪಾತ್ರಿ ಮಾವಾರೆ. ನಿಮ್ಮ ಮಾತು ಒಂದೂ ಮಂದಿಗಿ ಕೇಳಸಿಲ್ಲ."

"ಒಂದೂ ಇಲ್ಲ?"

"ಒಂದೂ ಇಲ್ರಿ."

"ಖರೇ ಹೇಳ್ರಿ."

"ನಿಮ್ಮ ಆಣಿ."

ಅಮೋಘಸಿದ್ದಪ್ಪನವರು ದೊಡ್ಡದೊಂದು ಉಸಿರು ಬಿಟ್ಟು, ಅತ್ತಿತ್ತ ನೋಡಿ, ಅಳಿಯನ ಪಕ್ಕದಲ್ಲೇ ನಳದ ಕಟ್ಟೆಯ ಮೇಲೆ ಕೂತರು.

"ಅಳಿಯಾರೆ, ನಮಸ್ಕಾರ ಅಂದೆ ನೋಡ್ರಿ, ಮುಂದಿಂದೆಲ್ಲಾ ಮರ್ತು ಹೋತು. ಅಷ್ಟು ಮಂದಿನ್ನ ನೋಡಿ ತಲಿ ಖಾಲಿ ಆತು. ಬಾಯಿಗಿ ಹದಿನೇಳರ ಮಗ್ಗಿ ಬಂತು, ಅದನ್ನೇ ಅಂದೆ. ಅದು ಮುಗೀತು, ಹದಿನೆಂಟರದು ಅಂದೆ. ಮಂದಿ ನಗಾಕತ್ತಿದ್ರ, ಮಗ್ಗಿ ಕೇಳೇ ನಗ್ತಾರ ಅಂತ ಜೀವ ಹೋಗಿತ್ತು. ದೇವರಂಗ ಉಳಿಸಿದ್ರಿ."

ಕಲ್ಲಿನಾಥನ ಎದೆ ಹಗುರಾಯಿತು. "ಹಂಗಾದ್ರ ಒಳಗ ಬಂದು ಮಂದಿಗಿ ಒಂದು ಮಾತು ಹೇಳ್ರಿ ಮಾವಾರೆ, ನನ್ನ ತಪ್ಪಿಲ್ಲ ಅಂತ."

"ಅದ್ಹ್ಯಾಂಗ ಹೇಳಲಿಕ್ಕಾಗ್ತದ?" ಮಾವ ಶಾಲು ಸರಿಪಡಿಸಿಕೊಂಡು ಎದ್ದರು. "ಸಿಟ್ಟಾಗಬ್ಯಾಡ್ರಿ. ಈಗ ಊಟದಾಗ ಎಲ್ಲಾರ ಮುಂದ ನಿಮಗ ಬೈತೀನಿ, ಸುಮ್ಮನಿರ್ರಿ. ಬರೋ ಐತವಾರ ಹುಮನಾಬಾದಿನ ಹುಡುಗೂರು ಸನ್ಮಾನ ಇಟ್ಕೊಂಡಾರ. ಅಲ್ಲಿಗೂ ನಿಮ್ಮದೇ ಸೆಟ್ ಅಂತ ಒಪ್ಪಿಸ್ತೀನಿ. ಆ ಸುಟ್ಟ ಬೋರ್ಡಿಗಿ ಮಾತ್ರ ಕೈ ಹಚ್ಚಬ್ಯಾಡ್ರಿ, ಹಂಗೇ ಇರಲಿ."

ಊಟದ ಸಾಲಿನಲ್ಲಿ ಮಾವ ಹೇಳಿದಂತೆಯೇ ಮಾಡಿದರು. "ಎಂಥಾ ಮಾತು ತಯಾರಿ ಮಾಡಿದ್ದೆ, ಎಲ್ಲಾ ಹಾಳು ಮಾಡಿದ್ರು. ಇರಲಿ, ಮನೀ ಅಳಿಯ, ಇನ್ನೊಂದು ಸಲ ನೋಡೂಣು" ಎಂದರು. ಎಷ್ಟು ದೊಡ್ಡ ಮನಸ್ಸು ಎಂದು ಪಂಕ್ತಿಯೆಲ್ಲ ತಲೆದೂಗಿತು. ಕಲ್ಲಿನಾಥ ತಲೆ ತಗ್ಗಿಸಿ ಅನ್ನ ಕಲಸಿದ.

ಸಾರು ಬಡಿಸುತ್ತ ಬಂದ ಧನಶ್ರೀ ಅವನ ಎಲೆಯ ಮುಂದೆ ಬಗ್ಗಿ ಮೆಲ್ಲಗೆ ಹೇಳಿದಳು:

"ನಮ್ಮಪ್ಪ ಬಂಗಾರದಂಥಾ ಮನಷ್ಯಾ. ಅವರ ಮಾತು ಮಂದಿಗಿ ಮುಟ್ಟಬೇಕು. ಐತವಾರದೊಳಗ ಆ ಬೋರ್ಡು ರಿಪೇರಿ ಆಗಲಿಲ್ಲ ಅಂದ್ರ ನಾ ತವರು ಬಿಟ್ಟು ಬರಂಗಿಲ್ಲ."