ಇಪ್ಪತ್ತನಾಲ್ಕನೆಯ ಜಪಾನಿ ತಟ್ಟೆ

ಬಸ್ ಸ್ಟ್ಯಾಂಡಿಗೆ ಹೊರಡುವಾಗ ಸಂಪತ್ಕುಮಾರ ಹೆಂಡತಿ ಗೋದಮ್ಮನಿಗೆ ಹೇಳಿದ್ದು ಒಂದೇ ಮಾತು: "ಆ ತಟ್ಟೆಗಳನ್ನ ಯಾವ ಕಾರಣಕ್ಕೂ ತೊಳೀಬೇಡ ಕಣೇ." ಇನ್ನೊಂದು ಮಾತನ್ನೂ ಹೇಳಿ ಹೋಗಬೇಕಿತ್ತು. ಆದರೆ ಅಂಥದ್ದೊಂದು ನಡೆದೀತೆಂದು ಯಾರು ತಾನೇ ಎಣಿಸಿಯಾರು!

ತಟ್ಟೆಗಳು ಜಪಾನಿನವು, ಒಟ್ಟು ಇಪ್ಪತ್ತನಾಲ್ಕು. ಗೊರೂರಿನಲ್ಲಿ ಅಣೆಕಟ್ಟೆಯ ಕೆಲಸ ನಡೆಯುತ್ತಿದ್ದಾಗ ವರ್ಗವಾಗಿ ಹೋದ ಇಂಜಿನಿಯರೊಬ್ಬರು ಅವನ ತಂದೆಗೆ ಕೊಟ್ಟು ಹೋದದ್ದು. ಪಿಂಗಾಣಿ ಅಡುಗೆಮನೆಯ ಹೊಸ್ತಿಲು ದಾಟಕೂಡದೆಂದು ಅಜ್ಜಿ ಹಟ ಹಿಡಿದದ್ದರಿಂದ ಪೆಟ್ಟಿಗೆ ಸೀದಾ ಅಟ್ಟ ಸೇರಿತು. ಒಂದಗುಳು ಅನ್ನವನ್ನೂ ಕಾಣದೆ ಇಪ್ಪತ್ತೈದು ವರ್ಷ ಅಲ್ಲೇ ಕೂತಿತ್ತು.

ಹಾಸನದಿಂದ ಗೊರೂರಿನ ಕಚೇರಿಗೆ ಹದಿನೆಂಟು ವರ್ಷದಿಂದ ಬಸ್ಸಿನಲ್ಲಿ ನಿಂತೇ ಓಡಾಡಿದ ಸಂಪತ್ಕುಮಾರನಿಗೆ ಒಂದು ಮೊಪೆಡ್ ಬೇಕಿತ್ತು, ಅಷ್ಟೆ. ದೇವರನ್ನು ಇನ್ನೇನೂ ಕೇಳಿದವನಲ್ಲ. ಹಳೆಯ ಪಿಂಗಾಣಿ ಕೂಡಿಡುವ ಶ್ರೀಮಂತರ ಪರವಾಗಿ ಬೆಲೆ ಕಟ್ಟುವ ಆತ್ರೇಯ ಎಂಬವರು ಬೆಂಗಳೂರಿನಿಂದ ಕಾಗದ ಬರೆದಿದ್ದರು: ಚಿನ್ನದ ಅಂಚು ಮಾಸಿರಬಾರದು, ತಟ್ಟೆಯ ಬೆನ್ನಿನ ಮೇಲೆ ಜಪಾನಿ ಮುದ್ರೆ ಸ್ಪಷ್ಟವಾಗಿರಬೇಕು. ಇವೆರಡೂ ಇದ್ದರೆ ಮೊಪೆಡ್ ಬಂದಂತೆಯೇ.

೧೯೯೮ರ ಆಷಾಢದ ಆ ಭಾನುವಾರ ಆತ್ರೇಯರನ್ನು ಆಟೋದಲ್ಲಿ ಕರೆತಂದಾಗ ಬೀದಿಯಲ್ಲಿ ಕರೆಂಟಿರಲಿಲ್ಲ. ಮೋಡ ಕವಿದು ನಡುಮನೆ ಕತ್ತಲಾಗಿತ್ತು. ಚಾಪೆಯ ಮೇಲೆ ತಟ್ಟೆಗಳು ಸಾಲಾಗಿದ್ದವು. ಎದುರುಮನೆಯ ಕಾಮಾಕ್ಷಮ್ಮ ಕಾವಲು ಕೂತಿದ್ದರು.

"ತೊಳೆದ್ಯಾ?" ಎಂದ ಸಂಪತ್ಕುಮಾರ.

"ಒಂದು ತೊಟ್ಟು ನೀರು ತಾಕಿಸಿಲ್ಲ" ಎಂದಳು ಗೋದಮ್ಮ ಹೆಮ್ಮೆಯಿಂದ.

ಆತ್ರೇಯರು ಒಂದನ್ನು ಎತ್ತಿಕೊಂಡರು. "ಎಂಥಾ ಅಂಚು ಸ್ವಾಮಿ! ಇಷ್ಟು ವರ್ಷದಲ್ಲಿ ಇಂಥದ್ದು ನೋಡಿಲ್ಲ" ಎನ್ನುತ್ತ ಮಗುಚಿದರು.

ಮುದ್ರೆ ಇರಬೇಕಾದ ಜಾಗದಲ್ಲಿ ಗುಂಡಗೆ ಕೊರೆದಿತ್ತು: 'ಸಂಪತ್ಕುಮಾರ, ಹಾಸನ'.

"ನಾನೇ ಪಾತ್ರೆ ಅಂಗಡಿ ಕೆಂಚಯ್ಯನ್ನ ಕರೆಸಿ ಹೆಸರು ಹಾಕಿಸ್ದೆ" ಎಂದರು ಕಾಮಾಕ್ಷಮ್ಮ. "ಗುರುತಿಲ್ಲದೋರು ಬರ್ತಾರೆ, ಬ್ಯಾಗಲ್ಲಿ ಬೇರೆ ತಟ್ಟೆ ತಂದು ಬದಲಾಯಿಸಿಬಿಟ್ರೆ? ಹೆಸರು ಹಾಕಿಸಿದ್ದಕ್ಕೇ ನಮ್ಮನೆ ಲೋಟ ಯಾರ ಮದುವೆಗೆ ಹೋದ್ರೂ ವಾಪಸ್ ಬರುತ್ತೆ."

ಸಂಪತ್ಕುಮಾರ ಒಂದೊಂದನ್ನೇ ಮಗುಚಿದ. ಇಪ್ಪತ್ತಮೂರರಲ್ಲೂ ಅವನದೇ ಹೆಸರು. ತನ್ನ ಹೆಸರನ್ನು ಇಷ್ಟು ಸಲ ಒಟ್ಟಿಗೆ ಅವನು ಕಂಡದ್ದು ಕಚೇರಿಯಲ್ಲಿ, ತಡವಾಗಿ ಬಂದವರ ಪುಸ್ತಕದಲ್ಲಿ ಮಾತ್ರ.

ಇಪ್ಪತ್ತನಾಲ್ಕನೆಯದರಲ್ಲಿ ಹೆಸರಿರಲಿಲ್ಲ.

"ಅದೊಂದು ಉಳೀತು ನೋಡಿ, ಹಾಳು ಕರೆಂಟ್ ಹೋಯ್ತು. ಕೆಂಚಯ್ಯ ಕೊರೆಯೋ ಮೆಷಿನ್ ಇಲ್ಲೇ ಇಟ್ಟು ಟೀ ಕುಡಿಯೋಕೆ ಹೋದ" ಎಂದು ಕಾಮಾಕ್ಷಮ್ಮ, ತಮ್ಮ ಉಪಕಾರಕ್ಕೆ ಯಾರೂ ಒಂದು ಒಳ್ಳೆಯ ಮಾತಾಡದ್ದಕ್ಕೆ ಮುನಿಸಿಕೊಂಡು ಮನೆಗೆ ಹೊರಟುಹೋದರು.

ಆತ್ರೇಯರು ಆ ತಟ್ಟೆಯನ್ನು ಭೂತಗನ್ನಡಿಯಲ್ಲಿ ನೋಡಿದರು. "ಮುದ್ರೆ ಸರಿಯಾಗಿದೆ. ಇದೊಂದಕ್ಕೇ ಮೊಪೆಡ್ ಬರುತ್ತೆ ಸ್ವಾಮಿ. ಆದ್ರೆ ಬಲ್ಬಿಗೆ ಹಿಡಿದು ನೋಡದೆ ನಾನು ಬೆಲೆ ಹೇಳೋನಲ್ಲ. ಅಸಲಿ ಪಿಂಗಾಣಿಯಾದ್ರೆ ಬೆಳಕು ಈಚೆಗೆ ಹಾಯುತ್ತೆ. ಎರಡು ಗಂಟೆ ಬಸ್ಸಿಗೆ ನಾನು ಹೊರಡಬೇಕು."

ಸಂಪತ್ಕುಮಾರ ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದ. ಲೈನ್‌ಮನ್ ಬೀರಲಿಂಗಯ್ಯ ಟೀ ಅಂಗಡಿಯಲ್ಲಿದ್ದ.

"ಫ್ಯೂಸ್ ಓಗೈತೆ ಸಾ. ಸಂಜಿಕೆ ಬತ್ತೀನಿ. ಇವತ್ತು ಭಾನ್ವಾರ ಅಲ್ವಾ?"

"ಸಂಜೆಗೆ ಬಂದ್ರೆ ನಾನು ಕೆಟ್ಟೆ ಕಣಯ್ಯ. ನಿನ್ನ ಕಾಲಿಗೆ ಬೀಳ್ತೀನಿ" ಎಂದವನೇ ನಿಜವಾಗಿಯೂ ಬಿದ್ದುಬಿಟ್ಟ. ಅಂಗಡಿಯಲ್ಲಿದ್ದವರೆಲ್ಲ ಲೋಟ ಕೆಳಗಿಟ್ಟು ನೋಡಿದರು. ಬೀರಲಿಂಗಯ್ಯ ನಾಚಿಕೆಯಿಂದ ಎದ್ದು ಏಣಿ ಎತ್ತಿಕೊಂಡ. ಏಣಿಯ ಇನ್ನೊಂದು ತುದಿಯನ್ನು ಸಂಪತ್ಕುಮಾರನೇ ಕಂಬದವರೆಗೂ ಹೊತ್ತ. ಫ್ಯೂಸ್ ಹಾಕಿದ್ದೇ ತಡ, ಬೀದಿಯ ಟೀವಿಗಳೆಲ್ಲ ಒಮ್ಮೆಗೇ ಬಾಯಿಬಿಟ್ಟವು.

ಕುಣಿಯುವುದೊಂದು ಬಾಕಿ, ಹಾಗೆ ಮನೆಗೆ ಬಂದ. ಆತ್ರೇಯರು ಹಿತ್ತಿಲಲ್ಲಿ ಕೈಕಾಲು ತೊಳೆಯುತ್ತಿದ್ದರು, ಗೋದಮ್ಮ ನೀರು ಹಾಕುತ್ತಿದ್ದಳು. ನಡುಮನೆಯಿಂದ 'ಕಿರ್ರ್' ಎಂಬ ಸದ್ದು ಕೇಳುತ್ತಿತ್ತು.

"ಮುಗೀತು ಸಾ!" ಎಂದು ಕೆಂಚಯ್ಯ ಮೆಷಿನ್ ಕೆಳಗಿಟ್ಟ. "ಒಂದ್ ತಟ್ಟೆ ಉಳ್ಕತು ಅಂತ ನೀವು ಲೈನ್‌ಮನ್ ಕಾಲಿಗೆ ಬಿದ್ರಲ್ಲ, ಅದ್ನ ನೋಡಿ ನನ್ ಕಣ್ಣಾಗೆ ನೀರ್ ಬಂದ್ಬುಡ್ತು. ಟೀ ಅಲ್ಲೇ ಬುಟ್ಟು ಓಡ್ಬಂದೆ. ಅಳೇ ಓನರ್ ಹೆಸ್ರು ಯಾವ್ದೋ ಕೋಳಿ ಕೆರ್ದಂಗಿತ್ತು, ಅದ್ರ ಮ್ಯಾಲೇ ನಿಮ್ದು ಆಕಿವ್ನಿ."

ಕೈ ಒರೆಸಿಕೊಳ್ಳುತ್ತ ಬಂದ ಆತ್ರೇಯರು ಏನೂ ತಿಳಿಯದೆ ತಟ್ಟೆಯನ್ನು ಬಲ್ಬಿಗೆ ಹಿಡಿದರು. ಬೆಳಕು ತೆಳ್ಳಗೆ, ಹಾಲಿನಂತೆ ಈಚೆಗೆ ಹಾಯಿತು. "ಅಸಲಿ ಮಾಲು" ಎಂದರು. ಅಷ್ಟರಲ್ಲಿ ಅದೇ ಬೆಳಕಿನಲ್ಲಿ ಉಲ್ಟಾ ಅಕ್ಷರಗಳು ಒಂದೊಂದಾಗಿ ಮೂಡಿ ನಿಂತವು. ಆತ್ರೇಯರು ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟು ಬ್ಯಾಗ್ ಎತ್ತಿಕೊಂಡರು.

ಮಾರನೆಯ ದಿನ ಗೊರೂರಿನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಕಚೇರಿಯಲ್ಲಿ ತಡವಾಗಿ ಬಂದವರ ಪುಸ್ತಕ ಮುಂದೆ ಬಂದಾಗ ಸಂಪತ್ಕುಮಾರ ತುಟಿ ಕಚ್ಚಿಕೊಂಡು, ಅದೇ ಹೆಸರನ್ನು ಇಪ್ಪತ್ತೈದನೆಯ ಸಲ ಬರೆದ.