ಎರಡನೆಯ ಬೋಲ್ಟಿನವರ ಸನ್ನಿಧಾನಕ್ಕೆ

ಕೊಯಿಲ
18 ನವೆಂಬರ್ 1979

ಜರ್ಮನಿಯಲ್ಲಿ ಜನಿಸಿ, ಸುಳ್ಯದ ರಬ್ಬರ್ ಎಸ್ಟೇಟಿನ ಮ್ಯಾನೇಜರರ ಕೈಯಿಂದ ನನ್ನ ಅಂಗಳಕ್ಕೆ ಬಂದಿಳಿದ ಹಸಿರು ಕಾರಿನ ಹೊಟ್ಟೆಯಡಿಯಲ್ಲಿ, ಗೇರ್‌ಪೆಟ್ಟಿಗೆಯ ತಳದಲ್ಲಿ ವಾಸವಾಗಿರುವ ಮಾನ್ಯ ಬೋಲ್ಟಿನವರಿಗೆ, ದನದ ಡಾಕ್ಟರ್ ಶ್ರೀಕೃಷ್ಣನು ಸೊಂಟ ಹಿಡಿದಿರುವ ಕಾರಣ ನಿಂತಲ್ಲಿಂದಲೇ ಸಲ್ಲಿಸುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ಕಬಕದ ಗರಾಜಿನ ಹಕೀಮ್ ಸಾಹೇಬರಿಂದ ತಿಳಿದು ಸಮಾಧಾನವಾಯಿತು. ಆರು ವರ್ಷಗಳಿಂದ ತಮ್ಮ ಇಡೀ ಕುಟುಂಬದ ಆರೋಗ್ಯ ನೋಡಿಕೊಂಡವರು ಅವರು. ನವರಾತ್ರಿಯ ಹೊತ್ತಿಗೆ ಅವರಲ್ಲಿ ಎಂಜಿನ್ ಆಯಿಲ್ ಬದಲಿಸಿಕೊಂಡು ಬಂದ ಎಂಟನೆಯ ದಿನ, ಅಳತೆಯ ಕಡ್ಡಿಯನ್ನು ಎಳೆದು ನೋಡಿದರೆ ಅದು ಕಾಡಿಗೆಯಷ್ಟು ಕಪ್ಪಗಿತ್ತು. ನಾನು ನೆಟ್ಟಗೆ ಕಬಕಕ್ಕೆ ಹೋಗಿ, ಅಲ್ಲಿ ಕುಳಿತಿದ್ದ ನಾಲ್ಕು ಜನರ ಎದುರಿಗೇ, "ಎಂತ ಸಾಹೇಬ್ರೆ, ನೀವು ಆಯಿಲ್ ಬದಲಿಸಿದ್ದೋ, ಬರೇ ಬೋಲ್ಟ್ ಒರೆಸಿ ಕಳಿಸಿದ್ದೋ?" ಎಂದು ಕೇಳಿದೆ. ಅವರು ಕೈ ಒರೆಸಿಕೊಂಡು, "ಮುಂದಿನ ಸರ್ತಿ ನೀವೇ ಮಾಡಿ ನೋಡಿ ಡಾಕ್ಟ್ರೆ" ಎಂದರು. ಆರು ವರ್ಷಗಳಲ್ಲಿ ಮೊದಲ ಬಾರಿಗೆ ನನಗೆ ಚಹಾ ಹೇಳಲಿಲ್ಲ.

ಸರಿ, ಕಳೆದ ಭಾನುವಾರ ನಾನೇ ಮಾಡಿದೆ. ಎಂಜಿನನ್ನು ಹಿಂದೆಯೂ ಡಿಕ್ಕಿಯನ್ನು ಮುಂದೆಯೂ ಇಟ್ಟ ತಮ್ಮ ತವರಿನವರ ಬುದ್ಧಿಯನ್ನು ಮನಸಾರೆ ಹೊಗಳುತ್ತಾ ಕಾರಿನಡಿಗೆ ತೆವಳಿ, ಆಯಿಲಿನ ಬೋಲ್ಟ್ ಯಾವುದೆಂದು ತಿಳಿಯದೆ ಕಂಡಕಂಡವುಗಳಿಗೆಲ್ಲ ಸ್ಪ್ಯಾನರ್ ಹಾಕಿದೆ. ಮೊದಲ ಮೂರು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು; ಜಪ್ಪಯ್ಯ ಎಂದರೂ ಮಿಸುಕಲಿಲ್ಲ. ನಾಲ್ಕನೆಯದು ತಿರುಗಿತು, ಅರ್ಧ ಆಯಿಲ್ ಪಾತ್ರೆಗೂ ಉಳಿದರ್ಧ ನನ್ನ ಮುಖಕ್ಕೂ ಇಳಿಯಿತು.

ನಮ್ಮಲ್ಲಿ ಆಯಿಲ್ ಬದಲಿಸುವುದು ಮನೆಯೊಳಗಿನ ಗುಟ್ಟಲ್ಲವೆಂಬುದನ್ನು ತಾವು ತಿಳಿದಿರಲಾರಿರಿ. ಹಳೆಯ ಆಯಿಲನ್ನು ದನದ ಹಟ್ಟಿಯ ಸೂರಿನ ಮರದ ಪಕ್ಕಾಸಿಗೆ ಬಳಿದರೆ ಗೆದ್ದಲು ಹತ್ತಿರ ಸುಳಿಯುವುದಿಲ್ಲವಾದ್ದರಿಂದ ಅದಕ್ಕೆ ಹೊಸದಕ್ಕಿಂತ ಹೆಚ್ಚು ಗಿರಾಕಿ. ನಾನೋ ಉದಾರಿ, ಹಿಂದಿನ ವಾರವೇ ಕುಕ್ಕಪ್ಪನಿಗೆ, ಅಪ್ಪಿಗೆ, ಪಕ್ಕದ ಮನೆಯ ದುಗ್ಗಪ್ಪ ಗೌಡರಿಗೆ ಮಾತು ಕೊಟ್ಟುಬಿಟ್ಟಿದ್ದೆ. ಮೂವರೂ ಬೆಳಿಗ್ಗೆಯೇ ಡಬ್ಬ ಹಿಡಿದು ನಿಂತಿದ್ದರು. ಇಬ್ಬರಿಗಾಗುವಷ್ಟರಲ್ಲಿ ಪಾತ್ರೆ ಬರಿದಾಯಿತು. "ನನಗೆ ಮಾತ್ರ ಇಲ್ವಾ ಡಾಕ್ಟ್ರೆ?" ಎಂದು ದುಗ್ಗಪ್ಪ ಗೌಡರು ಕೇಳಿದ ದನಿಗೆ ಕರಗದವನು ಮನುಷ್ಯನಲ್ಲ.

ಆಗ, ಮಾನ್ಯರೇ, ನನ್ನ ಕಣ್ಣಿಗೆ ತಾವು ಬಿದ್ದಿರಿ. ದನಕ್ಕೇ ನಾಲ್ಕು ಮೊಲೆಗಳಿರುವಾಗ ಜರ್ಮನಿಯ ಯಂತ್ರಕ್ಕೆ ಎರಡಾದರೂ ಇರದೇ ಎಂದುಕೊಂಡು ಕೈ ಹಾಕಿದೆ. ಒಂದೇ ಒಂದು ಸುತ್ತು ತಿರುಗಿಸುತ್ತಲೇ ತಾವು ನೆಂಟರ ಮನೆಯ ಬಾಗಿಲಿನಂತೆ ತೆರೆದುಕೊಂಡಿರಿ. ಮಂದವಾದ, ಗಮ್ಮೆನ್ನುವ ಎಣ್ಣೆ ಇಳಿದು ದುಗ್ಗಪ್ಪ ಗೌಡರ ಡಬ್ಬ ತುಂಬಿತು. "ಇದರ ನಾತವೇ ಬೇರೆ ಅಲ್ವಾ?" ಎಂದು ನನ್ನ ಹೆಂಡತಿ ಶಂಕರಿ ಜಗಲಿಯಿಂದಲೇ ಹೇಳಿದಳು. ನಾನು ಅವಳಿಗೆ ಯುರೋಪಿನ ತಾಂತ್ರಿಕತೆಯ ಕುರಿತು ಕಾಲು ಗಂಟೆ ತಿಳಿಹೇಳಿದೆ. ಆಮೇಲೆ ಎಂಜಿನಿಗೆ ಹೊಸ ಆಯಿಲ್ ಹೊಯ್ದು, ತಮ್ಮನ್ನು ಬರಿಹೊಟ್ಟೆಯ ಪೆಟ್ಟಿಗೆಗೆ ಬಿಗಿದು ಸ್ನಾನಕ್ಕೆ ಹೋದೆ.

ನಾಲ್ಕನೆಯ ದಿನ, ಹೊಟ್ಟೆಯೊಳಗೆ ಕರು ಅಡ್ಡ ನಿಂತ ಹಸುವೊಂದನ್ನು ನೋಡಲು ಹೊರಟವನಿಗೆ ಉಪ್ಪಿನಂಗಡಿ ತಲುಪುವ ಮೊದಲೇ ಕಾರಿನೊಳಗಿಂದ ಹಂದಿ ಹಿಡಿದಾಗಿನ ಕೂಗು ಕೇಳಿತು. ಕಾರನ್ನು ರಸ್ತೆ ಬದಿಗೆ ಬಿಟ್ಟು, ಹಸುವಿನ ಬಳಿಗೆ ಬಾಡಿಗೆ ಸೈಕಲಿನಲ್ಲಿ ಹೋದೆ. ಹಸುವೂ ಕರುವೂ ಉಳಿದದ್ದು ನನ್ನ ಪುಣ್ಯ. ಕಬಕಕ್ಕೆ ಸುದ್ದಿ ಮುಟ್ಟಿಸಲು ಬಸ್ಸಿನ ಕಂಡಕ್ಟರನಿಗೆ ಆ ಕೂಗನ್ನು ಅನುಕರಿಸಿ ಹೇಳಿದ್ದೆ. ಅವನು ಗರಾಜಿನೆದುರು ಇಳಿದು ಆ ಕೂಗನ್ನು ಕೂಗಿಯೇ ತೋರಿಸಿದನಂತೆ. ಮುಂದಿನ ಬಸ್ಸಿಗೆ ಹಕೀಮ್ ಸಾಹೇಬರು ಗೇರ್ ಆಯಿಲಿನ ಡಬ್ಬ ಹಿಡಿದು ಬಂದಿಳಿದರು.

ಅವರು ಬೈಯಲಿಲ್ಲ. ಅದೇ ನನಗೆ ಸಂಕಟವಾದದ್ದು. ಆಯಿಲ್ ತುಂಬಿಸಿ, ಗೇರಿನ ಹಲ್ಲುಗಳು ಉಳಿದಿವೆಯೆಂದು ಹೇಳಿ, ಕಾರಿನಡಿಯಿಂದಲೇ, "ಈ ಬೋಲ್ಟ್ ಬಿಚ್ಲಿಕ್ಕೆ ನಿಮಗೆ ತುಂಬ ಕಷ್ಟ ಆಯ್ತಾ ಡಾಕ್ಟ್ರೆ?" ಎಂದು ಕೇಳಿದರು. ನಾನು ಹೆಮ್ಮೆಯಿಂದ, "ಇಲ್ಲಪ್ಪ, ಒಂದೇ ಸುತ್ತು" ಎಂದೆ. "ಹ್ಞಾಂ" ಎಂದರು, ಅಷ್ಟೇ.

ಮನೆ ಮುಟ್ಟುವಾಗ ನನಗೆ ಅರ್ಥವಾಯಿತು. ಯಾರೂ ಮುಟ್ಟದ ಮೂರು ಬೋಲ್ಟುಗಳು ಕಚ್ಚಿ ಕುಳಿತಿದ್ದವು. ತಾವೂ ತಮ್ಮ ನೆರೆಯ ಎಂಜಿನ್ ಬೋಲ್ಟಿನವರೂ ಮಾತ್ರ ಸಲೀಸಾಗಿ ತಿರುಗಿದ್ದು, ಹಕೀಮ್ ಸಾಹೇಬರು ತಮ್ಮಿಬ್ಬರನ್ನೂ ತಪ್ಪದೆ ಬಿಚ್ಚಿ, ಒರೆಸಿ, ಬಿಗಿಯುತ್ತ ಬಂದದ್ದರಿಂದ. ತಾವು ಇದ್ದೀರೆಂಬುದೇ ನನಗೆ ತಿಳಿಯದ ವರ್ಷಗಳಲ್ಲೂ ಅವರು ತಮ್ಮನ್ನು ಮರೆತಿರಲಿಲ್ಲ.

ಆದ್ದರಿಂದ ನನ್ನ ವಿನಂತಿಗಳೆಂದರೆ, ಇನ್ನು ಮುಂದೆ ನಾನು ಸ್ಪ್ಯಾನರ್ ಹಿಡಿದು ಬಂದಾಗ ತಾವು ದಯವಿಟ್ಟು ತುಕ್ಕು ಹಿಡಿದವರಂತೆ ನಟಿಸಬೇಕು. ನೆತ್ತಿಯ ಮೇಲೆ ಕನ್ನಡದಲ್ಲಿ "ನಾನಲ್ಲ" ಎಂದು ಕೆತ್ತಿಸಿಕೊಳ್ಳಬೇಕು. ಸಾಧ್ಯವಾದರೆ ದುಗ್ಗಪ್ಪ ಗೌಡರ ಹಟ್ಟಿಯ ಪಕ್ಕಾಸಿನಿಂದ ತಮ್ಮ ಎಣ್ಣೆಯನ್ನು ಮರಳಿ ಕರೆಸಿಕೊಳ್ಳಬೇಕು. ಆ ನಾತಕ್ಕೆ ಅವರ ಎಮ್ಮೆ ಹಟ್ಟಿಯೊಳಗೆ ಕಾಲಿಡುತ್ತಿಲ್ಲ, ಚಿಕಿತ್ಸೆಗೆ ನನ್ನನ್ನೇ ಕರೆಯುತ್ತಿದ್ದಾರೆ.

ತಮ್ಮ ಬಿಗಿತನವನ್ನೇ ನಂಬಿರುವ
ತಮ್ಮ ವಿಶ್ವಾಸಿ,
ಶ್ರೀಕೃಷ್ಣ, ದನದ ಡಾಕ್ಟರ್

ವಿ.ಸೂ.: ನಾನೇ ನನ್ನ ಕೈಯಾರೆ ಹೊಸ ಆಯಿಲ್ ಹೊಯ್ದು ಇಂದಿಗೆ ಎಂಟು ದಿನ. ಬೆಳಿಗ್ಗೆ ಕಡ್ಡಿ ಎಳೆದು ನೋಡಿದೆ. ಕಾಡಿಗೆಯಷ್ಟೇ ಕಪ್ಪು. ನಾಳೆ ಕಬಕಕ್ಕೆ ಹೋಗಿ, ಆ ನಾಲ್ಕು ಜನರನ್ನೂ ಕರೆಸಿ, ಅವರೆದುರು ಈ ಪತ್ರವನ್ನು ಗಟ್ಟಿಯಾಗಿ ಓದುವವನಿದ್ದೇನೆ. ಚಹಾ ಈ ಸಲ ನಾನೇ ಹೇಳುತ್ತೇನೆ. ಹಕೀಮ್ ಸಾಹೇಬರು ಕುಡಿಯುತ್ತಾರೋ ಇಲ್ಲವೋ ಗೊತ್ತಿಲ್ಲ.